ಸ್ಟ್ರೇಂಜ್‌ವೇಸ್, ಹಿಯರ್ ವಿ ಕಮ್: ದ ಸ್ಮಿತ್ಸ್ ತಂಡದ ಕೊನೆಯ ಆಲ್ಬಮ್

ಇಂಗ್ಲೆಂಡಿನ ಮ್ಯಾಂಚೆಸ್ಟರ್ ನಗರದ ರಾಕ್ ತಂಡ ದ ಸ್ಮಿತ್ಸ್‌ನ ನಾಲ್ಕನೆಯ ಮತ್ತು ಕೊನೆಯ ಸ್ಟುಡಿಯೋ ಆಲ್ಬಮ್. 1987ರ ಸೆಪ್ಟೆಂಬರ್ 28ರಂದು ಬ್ರಿಟನ್ನಿನಲ್ಲಿ ರಫ್ ಟ್ರೇಡ್ ಕಂಪನಿ ಇದನ್ನು ಬಿಡುಗಡೆ ಮಾಡಿತು; ಅಮೆರಿಕದಲ್ಲಿ ಹೊರತಂದದ್ದು ಸೈರ್ ಕಂಪನಿ. ಹತ್ತು ಹಾಡುಗಳ, ನಲವತ್ತು ನಿಮಿಷವೂ ತುಂಬದ ಈ ಧ್ವನಿಮುದ್ರಿಕೆ ಅಂಗಡಿಗೆ ಬರುವಷ್ಟರಲ್ಲಿ ಅದನ್ನು ನುಡಿಸಿದ ತಂಡವೇ ಇರಲಿಲ್ಲ. ಹಾಗಾಗಿ ಇದನ್ನು ಒಂದು ವಿದಾಯದ ಆಲ್ಬಮ್ ಎಂದು ಕೇಳುವ ರೂಢಿ ಬೆಳೆದುಬಂದಿದೆ. ವಾಸ್ತವ ಅದಕ್ಕೆ ಹೆಚ್ಚುಕಡಿಮೆ ವಿರುದ್ಧವಾಗಿದೆ. ಧ್ವನಿಮುದ್ರಣದಲ್ಲಿ ಇದ್ದವರ ಮಾತುಗಳ ಪ್ರಕಾರ, ತಂಡ ಹಳೆಯ ಧಾಟಿಯಿಂದ ಹೊರಬರುವ ಉಮೇದಿನಲ್ಲಿತ್ತು, ಮನಸ್ಸುಗಳೂ ಹಗುರವಾಗಿದ್ದವು. ಒಡಕು ಕಾಣಿಸಿಕೊಂಡದ್ದು ಕೆಲಸ ಮುಗಿದ ಮೇಲೆ. ಅದರ ಕಾರಣಗಳಲ್ಲಿ ಹೆಚ್ಚಿನವು ಸಂಗೀತಕ್ಕೆ ಸಂಬಂಧಿಸಿದವಲ್ಲ. ಕಾಗದಪತ್ರ, ಕರಾರು ಮತ್ತು ಲೆಕ್ಕಪತ್ರ ನೋಡಿಕೊಳ್ಳಲು ಒಬ್ಬ ಮ್ಯಾನೇಜರ್ ನೆಲೆಯಾಗಿ ನಿಲ್ಲದೆ ಹೋದದ್ದರಲ್ಲಿ ಅವುಗಳ ಬೇರಿದೆ.

ತಂಡ

1982ರಲ್ಲಿ ಹದಿನೆಂಟು ವರ್ಷದ ಗಿಟಾರ್ ವಾದಕ ಜಾನಿ ಮಾರ್, ಮ್ಯಾಂಚೆಸ್ಟರಿನ ಸ್ಟ್ರೆಟ್‌ಫರ್ಡ್ ಬಡಾವಣೆಯಲ್ಲಿದ್ದ ಸ್ಟೀವನ್ ಮಾರಿಸ್ಸಿಯ ಮನೆ ಬಾಗಿಲು ತಟ್ಟಿದ. ಮಾರಿಸ್ಸಿ ಅವನಿಗಿಂತ ನಾಲ್ಕು ವರ್ಷ ದೊಡ್ಡವನು, ನಿರುದ್ಯೋಗಿ, ಓದಿನ ಗೀಳಿನವನು. ಇಬ್ಬರೂ ಐರ್ಲೆಂಡಿನಿಂದ ವಲಸೆ ಬಂದ ಕುಟುಂಬಗಳ ಮಕ್ಕಳು. ಮಾರ್ ರಾಗ ಕಟ್ಟುವುದು, ಮಾರಿಸ್ಸಿ ಸಾಹಿತ್ಯ ಬರೆದು ಹಾಡುವುದು ಎಂಬ ಹಂಚಿಕೆ ಮೊದಲ ದಿನಗಳಿಂದಲೂ ಇತ್ತು. ಬೇಸ್ ಗಿಟಾರಿಗೆ ಮಾರ್‌ನ ಶಾಲಾ ಗೆಳೆಯ ಆಂಡಿ ರೂರ್ಕ್, ಡ್ರಮ್ಸ್‌ಗೆ ಮೈಕ್ ಜಾಯ್ಸ್ ಬಂದು ಸೇರಿದರು. ಸಿಂಥಸೈಜರ್ ವಾದ್ಯಗಳು ಬ್ರಿಟಿಷ್ ಪಾಪ್ ಸಂಗೀತವನ್ನು ಆಳುತ್ತಿದ್ದ ಕಾಲದಲ್ಲಿ ಈ ನಾಲ್ವರು ಗಿಟಾರಿಗೆ ಅಂಟಿಕೊಂಡರು. 1984ರಲ್ಲಿ ತಂಡದ ಹೆಸರನ್ನೇ ಹೊತ್ತ ಮೊದಲ ಆಲ್ಬಮ್, 1985ರಲ್ಲಿ ಮೀಟ್ ಈಸ್ ಮರ್ಡರ್, 1986ರಲ್ಲಿ ದ ಕ್ವೀನ್ ಈಸ್ ಡೆಡ್ ಬಂದವು. ಎರಡನೆಯದು ಬ್ರಿಟಿಷ್ ಮಾರಾಟದ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೇರಿತು, ಉಳಿದೆರಡು ಎರಡನೆಯ ಸ್ಥಾನದವರೆಗೆ ಹೋದವು. ಮುಂದೆ ಆಲ್ಟರ್ನೇಟಿವ್ ರಾಕ್ ಎಂದು ಹೆಸರಾದ ಧಾರೆಗೆ ಬ್ರಿಟನ್ನಿನಿಂದ ಹರಿದುಬಂದ ಮುಖ್ಯ ಮೂಲಗಳಲ್ಲಿ ಈ ತಂಡವೂ ಒಂದು.

ಯಜಮಾನನಿಲ್ಲದ ವ್ಯವಹಾರ

ಇಷ್ಟೆಲ್ಲ ಹೆಸರು ಮಾಡಿದ ತಂಡಕ್ಕೆ ಒಬ್ಬ ನೆಟ್ಟಗಿನ ಮ್ಯಾನೇಜರ್ ಇರಲಿಲ್ಲ ಎಂಬುದು ಕೊನೆಯ ಆಲ್ಬಮಿನ ಕಥೆಯನ್ನು ಅರ್ಥ ಮಾಡಿಕೊಳ್ಳಲು ಎಲ್ಲಕ್ಕಿಂತ ಮುಖ್ಯವಾದ ಸಂಗತಿ. ಆರಂಭದಲ್ಲಿ ಕೈಹಿಡಿದು ನಡೆಸಿದ ಮ್ಯಾಂಚೆಸ್ಟರಿನ ವ್ಯಾಪಾರಿ ಜೋ ಮಾಸ್ ಬೇಗನೆ ಬಿಟ್ಟುಹೋದ. ಅನಂತರ ಬಂದವರಲ್ಲಿ ಯಾರೂ ಬಹುಕಾಲ ನಿಲ್ಲಲಿಲ್ಲ. ಹೊರಗಿನವರನ್ನು ನಂಬುವುದು ಮಾರಿಸ್ಸಿಗೆ ಆಗುತ್ತಿರಲಿಲ್ಲ. ಪರಿಣಾಮವಾಗಿ ಇಪ್ಪತ್ತೆರಡು, ಇಪ್ಪತ್ತಮೂರರ ವಯಸ್ಸಿನ ಮಾರ್ ರಾಗ ಕಟ್ಟುವುದರ ಜೊತೆಗೆ ಕಂಪನಿಯವರ ಫೋನು, ವಕೀಲರ ಪತ್ರ, ಬಾಡಿಗೆ ವ್ಯಾನಿನ ಬಿಲ್ಲು ಎಲ್ಲವನ್ನೂ ತಾನೇ ನೋಡಿಕೊಳ್ಳಬೇಕಾಯಿತು.

ಕಂಪನಿಯ ಜೊತೆಗಿನ ಸಂಬಂಧವೂ ಹದಗೆಟ್ಟಿತ್ತು. ರಫ್ ಟ್ರೇಡ್ 1976ರಲ್ಲಿ ಪಶ್ಚಿಮ ಲಂಡನ್ನಿನ ಒಂದು ರೆಕಾರ್ಡ್ ಅಂಗಡಿಯಾಗಿ ಶುರುವಾದದ್ದು. ದೊಡ್ಡ ಕಂಪನಿಗಳ ಹಂಗಿಲ್ಲದೆ ನಡೆಯುವುದು ಅದರ ಹೆಮ್ಮೆ. ಆದರೆ ಹಾಡುಗಳು ಪಟ್ಟಿಯಲ್ಲಿ ಇನ್ನೂ ಮೇಲೇರದಿರುವುದಕ್ಕೆ ಕಂಪನಿಯ ಸಣ್ಣ ಕೈಯೇ ಕಾರಣವೆಂದು ತಂಡ ನಂಬಿತ್ತು. ಈ ಜಗಳ ನ್ಯಾಯಾಲಯದವರೆಗೆ ಹೋಗಿ, ಸಿದ್ಧವಾಗಿದ್ದ ದ ಕ್ವೀನ್ ಈಸ್ ಡೆಡ್ ತಿಂಗಳುಗಟ್ಟಲೆ ತಡೆಯಲ್ಲಿ ಕೂತಿತು. ಕೊನೆಗೆ ತಂಡ ದೈತ್ಯ ಕಂಪನಿ ಇಎಂಐಗೆ ಸಹಿ ಹಾಕಿತು. ಅಲ್ಲಿಗೆ ಹೋಗುವ ಮುನ್ನ ರಫ್ ಟ್ರೇಡ್‌ಗೆ ಇನ್ನೊಂದು ಆಲ್ಬಮ್ ಕೊಟ್ಟು ಋಣ ತೀರಿಸಬೇಕಿತ್ತು. ಸ್ಟ್ರೇಂಜ್‌ವೇಸ್ ಆ ಋಣದ ಆಲ್ಬಮ್. ಹೀಗೆ ಕೊಡಲೇಬೇಕೆಂದು ಕೊಡುವ ಧ್ವನಿಮುದ್ರಿಕೆಗಳಲ್ಲಿ ಕಾಟಾಚಾರದ ಕೆಲಸವೇ ಹೆಚ್ಚು. ಇದರಲ್ಲಿ ಅದರ ಸುಳಿವೂ ಇಲ್ಲ.

1986 ಬೇರೆ ರೀತಿಯಲ್ಲೂ ದಣಿಸಿತ್ತು. ಹೆರಾಯಿನ್ ಚಟಕ್ಕೆ ಬಿದ್ದಿದ್ದ ರೂರ್ಕ್‌ನನ್ನು ವರ್ಷದ ಆರಂಭದಲ್ಲಿ ತಂಡದಿಂದ ತೆಗೆದು, ಕೆಲವೇ ವಾರಗಳಲ್ಲಿ ಮತ್ತೆ ಸೇರಿಸಿಕೊಂಡರು. ನಡುವೆ ಬಂದ ಕ್ರೇಗ್ ಗ್ಯಾನನ್ ಎರಡನೆಯ ಗಿಟಾರ್ ವಾದಕನಾಗಿ ಕೆಲವು ತಿಂಗಳು ಉಳಿದ. ಅಮೆರಿಕ ಪ್ರವಾಸ ಅರ್ಧದಲ್ಲಿ ನಿಂತಿತು. ನವೆಂಬರಿನಲ್ಲಿ ಮಾರ್ ಕಾರು ಅಪಘಾತದಲ್ಲಿ ಗಾಯಗೊಂಡ. ಅವನು ಚೇತರಿಸಿಕೊಂಡ ಮೇಲೆ, ಡಿಸೆಂಬರ್ 12ರಂದು, ವರ್ಣಭೇದ ನೀತಿಯ ವಿರುದ್ಧದ ಚಳವಳಿಗೆ ನೆರವಾಗಿ ಲಂಡನ್ನಿನ ಬ್ರಿಕ್ಸ್‌ಟನ್ ಅಕಾಡೆಮಿಯಲ್ಲಿ ತಂಡ ನುಡಿಸಿತು. ಬ್ರಿಟನ್ನಿನಲ್ಲಿ ಅದೇ ಅವರ ಕೊನೆಯ ಸಂಗೀತ ಕಚೇರಿಯಾಯಿತು.

ವುಲ್ ಹಾಲ್

1987ರ ವಸಂತದಲ್ಲಿ ನಾಲ್ವರೂ ಸಾಮರ್‌ಸೆಟ್ ಸೀಮೆಯ ಬೆಕಿಂಗ್‌ಟನ್ ಎಂಬ ಹಳ್ಳಿಯ ವುಲ್ ಹಾಲ್ ಸ್ಟುಡಿಯೋಗೆ ಬಂದರು. ಆಗ ಅದು ಟಿಯರ್ಸ್ ಫಾರ್ ಫಿಯರ್ಸ್ ತಂಡದ ಒಡೆತನದಲ್ಲಿತ್ತು. ಅಲ್ಲೇ ಉಳಿದು ಅಲ್ಲೇ ಉಂಡು ಕೆಲಸ ಮಾಡುವ ಏರ್ಪಾಡು. ಮಾರಿಸ್ಸಿ ಮತ್ತು ಮಾರ್ ಜೊತೆಗೆ ನಿರ್ಮಾಪಕನ ಸ್ಥಾನದಲ್ಲಿ ಸ್ಟೀಫನ್ ಸ್ಟ್ರೀಟ್ ಇದ್ದ. 1984ರಿಂದಲೂ ಇವರ ಹಾಡುಗಳಿಗೆ ಧ್ವನಿಮುದ್ರಣದ ಎಂಜಿನಿಯರ್ ಆಗಿದ್ದ ಅವನು, ಮುಂದೆ ಬ್ಲರ್ ಮತ್ತು ದ ಕ್ರ್ಯಾನ್‌ಬೆರೀಸ್ ತಂಡಗಳ ಆಲ್ಬಮ್‌ಗಳಿಂದ ದೊಡ್ಡ ಹೆಸರು ಮಾಡಿದ. ಹಗಲಿನ ಕೆಲಸ ಮುಗಿದ ಮೇಲೆ ಮಾರಿಸ್ಸಿ ಬೇಗ ಮಲಗಲು ಹೋಗುತ್ತಿದ್ದ. ಉಳಿದವರ ರಾತ್ರಿಗಳು ಗದ್ದಲದವು. ತಂಡ ಇನ್ನೇನು ಒಡೆಯುತ್ತದೆ ಎಂಬ ಸೂಚನೆ ಆ ದಿನಗಳಲ್ಲಿ ಇರಲಿಲ್ಲವೆಂದು ಸ್ಟ್ರೀಟ್ ಅನಂತರ ಹಲವು ಸಲ ಹೇಳಿದ್ದಾನೆ.

ಮಾರ್‌ಗೆ ಈ ಸಲ ಒಂದು ಹಟವಿತ್ತು. ತಂತಿಗಳನ್ನು ಒಂದೊಂದಾಗಿ ಮೀಟಿ ಝಣಝಣಿಸುವ ಅವನ ಗಿಟಾರ್ ಶೈಲಿಯನ್ನು ಅಷ್ಟರಲ್ಲಾಗಲೇ ಇಂಗ್ಲೆಂಡಿನ ತುಂಬ ಹುಡುಗರು ನಕಲು ಮಾಡತೊಡಗಿದ್ದರು. ಅದರಿಂದ ತಪ್ಪಿಸಿಕೊಳ್ಳಲು ಅವನು ಪಿಯಾನೋ ಮುಂದೆ ಕೂತ, ಹನ್ನೆರಡು ತಂತಿಯ ಗಿಬ್ಸನ್ ಗಿಟಾರ್ ಕೈಗೆತ್ತಿಕೊಂಡ, ಇಮ್ಯುಲೇಟರ್ ಎಂಬ ಸ್ಯಾಂಪ್ಲರ್ ಕೀಬೋರ್ಡಿನಿಂದ ಪಿಟೀಲು ಮೇಳದ ಧ್ವನಿ ತೆಗೆದ. ಬೀಟಲ್ಸ್ ತಂಡದ 1968ರ ಬಿಳಿ ಹೊದಿಕೆಯ ಆಲ್ಬಮಿನ ವಿರಳವಾದ, ತೆರಪಿರುವ ನಾದ ಅವನ ಮನಸ್ಸಿನಲ್ಲಿತ್ತು.

ಹಾಡುಗಳು

ಮೊದಲ ಹಾಡು ಎ ರಶ್ ಅಂಡ್ ಎ ಪುಶ್ ಅಂಡ್ ದ ಲ್ಯಾಂಡ್ ಈಸ್ ಅವರ್ಸ್‌ನಲ್ಲಿ ಗಿಟಾರೇ ಇಲ್ಲ. ಗಿಟಾರ್ ತಂಡವೆಂದೇ ಹೆಸರಾದವರು ಹೀಗೆ ಆರಂಭಿಸುವುದು ಒಂದು ಘೋಷಣೆಗೆ ಸಮ. ಕುಣಿಯುವ ಪಿಯಾನೋದ ಮೇಲೆ ನೇಣಿಗೇರಿದವನೊಬ್ಬನ ಪ್ರೇತ ಮಾತಾಡುತ್ತದೆ. ಶೀರ್ಷಿಕೆಯ ಮಾತು ಆಸ್ಕರ್ ವೈಲ್ಡ್‌ನ ತಾಯಿ ಜೇನ್ ವೈಲ್ಡ್ ಸ್ಪೆರಾಂಜಾ ಎಂಬ ಹೆಸರಿನಲ್ಲಿ ಬರೆದ ಐರಿಷ್ ಬಂಡಾಯದ ಬರಹದ್ದು. ವೈಲ್ಡ್ ಮಾರಿಸ್ಸಿಯ ಆರಾಧ್ಯ ಲೇಖಕ. ಎರಡನೆಯದಾದ ಐ ಸ್ಟಾರ್ಟೆಡ್ ಸಮ್‌ಥಿಂಗ್ ಐ ಕುಡಂಟ್ ಫಿನಿಶ್‌ನಲ್ಲಿ 1970ರ ದಶಕದ ಗ್ಲಾಮ್ ರಾಕ್ ಠೇಂಕಾರವಿದೆ. ಹಾಡು ಮುಗಿದ ಮೇಲೆ, ಇನ್ನೊಮ್ಮೆ ಹಾಡಬೇಕೇ ಎಂದು ಮಾರಿಸ್ಸಿ ಸ್ಟ್ರೀಟ್‌ನನ್ನು ಕೇಳುವ ದನಿಯನ್ನು ಅಳಿಸದೆ ಉಳಿಸಿಕೊಂಡಿದ್ದಾರೆ.

ಡೆತ್ ಆಫ್ ಎ ಡಿಸ್ಕೋ ಡ್ಯಾನ್ಸರ್ ಆಲ್ಬಮಿನ ಅತ್ಯಂತ ಧೈರ್ಯದ ಹಾಡು ಎನ್ನಬಹುದು. ಐದು ನಿಮಿಷ ದಾಟುವ ಇದು ಒಂದೇ ಸ್ವರಗುಚ್ಛವನ್ನು ಹಿಡಿದು ನಿಧಾನವಾಗಿ ಕಾವೇರುತ್ತ ಹೋಗಿ, ಕೊನೆಯಲ್ಲಿ ಪೂರ್ತಿ ಕಲಸಿಹೋಗುತ್ತದೆ. ಆ ಕೋಲಾಹಲದ ನಡುವೆ ಅಡ್ಡಾದಿಡ್ಡಿ ಪಿಯಾನೋ ಬಡಿಯುತ್ತಿರುವವನು ಮಾರಿಸ್ಸಿ. ಸ್ಮಿತ್ಸ್ ಹಾಡುಗಳಲ್ಲಿ ಅವನು ವಾದ್ಯ ಮುಟ್ಟಿದ್ದು ಇದೊಂದೇ ಸಲ. ವಾದ್ಯ ಬಾರದವನ ಕೈಗೆ ಪಿಯಾನೋ ಕೊಟ್ಟು ಅದನ್ನು ಉಳಿಸಿಕೊಂಡದ್ದು, ಆ ಕೋಣೆಯಲ್ಲಿ ಎಂಥ ಸಲುಗೆ ಇತ್ತೆಂಬುದಕ್ಕೆ ಬೇರೆ ಯಾವ ಸಾಕ್ಷಿಗಿಂತ ಗಟ್ಟಿಯಾದದ್ದು.

ಅದರ ಬೆನ್ನಿಗೇ ಬರುವ ಗರ್ಲ್‌ಫ್ರೆಂಡ್ ಇನ್ ಎ ಕೋಮಾ ಎರಡು ನಿಮಿಷಕ್ಕೆ ಮುಗಿದುಹೋಗುತ್ತದೆ. ಆಸ್ಪತ್ರೆಯಲ್ಲಿ ಪ್ರಜ್ಞೆಯಿಲ್ಲದೆ ಮಲಗಿರುವ ಗೆಳತಿ, ಅವಳನ್ನು ನೋಡಲು ಒಪ್ಪದ ಗೆಳೆಯ, ಅವಳ ಮೇಲೆ ಹಿಂದೊಮ್ಮೆ ಬಂದಿದ್ದ ಕೊಲ್ಲುವಷ್ಟು ಕೋಪ: ಇಷ್ಟನ್ನೂ ಬಿಸಿಲಿನಂಥ ಒಂದು ಪುಟ್ಟ ರಾಗಕ್ಕೆ ಕೂರಿಸಲಾಗಿದೆ. ಬಾಬ್ ಅಂಡ್ ಮಾರ್ಸಿಯಾ ಜೋಡಿಯ ಒಂದು ಜನಪ್ರಿಯ ರೆಗ್ಗೆ ಹಾಡಿನಿಂದ ಇದರ ಲಯದ ಪ್ರೇರಣೆ ಸಿಕ್ಕಿತೆಂದು ಮಾರ್ ಹೇಳಿಕೊಂಡಿದ್ದಾನೆ. ಮಾತಿಗೂ ರಾಗಕ್ಕೂ ಇರುವ ಈ ವಿರಸವೇ ಸ್ಮಿತ್ಸ್‌ನ ಗುರುತು. ಅದು ಇಷ್ಟು ಬಿಗಿಯಾಗಿ ಬೇರೆಲ್ಲೂ ಬಂದಿಲ್ಲ.

ಎರಡನೆಯ ಬದಿ ತೆರೆಯುವುದು ಲಾಸ್ಟ್ ನೈಟ್ ಐ ಡ್ರೆಮ್ಟ್ ದ್ಯಾಟ್ ಸಮ್‌ಬಡಿ ಲವ್ಡ್ ಮಿ ಎಂಬ ದೀರ್ಘ ಗೀತೆಯಿಂದ. ಸುಮಾರು ಎರಡು ನಿಮಿಷ ಹಾಡೇ ಇಲ್ಲ. ಗವ್ವೆನ್ನುವ ಪಿಯಾನೋ, ಅದರ ಹಿಂದೆ ರೊಚ್ಚಿಗೆದ್ದ ಗುಂಪೊಂದರ ಕೂಗಾಟ. ಆ ಕೂಗಾಟ 1984–85ರ ಗಣಿ ಕಾರ್ಮಿಕರ ಮುಷ್ಕರದ ಕಾಲದ ಧ್ವನಿಮುದ್ರಣದಿಂದ ತೆಗೆದದ್ದೆನ್ನುತ್ತಾರೆ. ಆಮೇಲೆ ಒಮ್ಮೆಲೇ ವಾದ್ಯಗಳು ಎದ್ದು ನಿಲ್ಲುತ್ತವೆ. ಮಾರಿಸ್ಸಿಯ ಸಾಹಿತ್ಯ ಇಲ್ಲಿ ಎಂದಿನ ಕುಚೋದ್ಯವನ್ನು ಪೂರ್ತಿ ಬಿಟ್ಟುಕೊಟ್ಟಿದೆ. ಪ್ರೀತಿ ಸಿಕ್ಕಂತೆ ಕನಸು ಬಿದ್ದು, ಎಚ್ಚರವಾದಾಗ ಏನೂ ಇಲ್ಲದ ಒಬ್ಬನ ಅಳಲಷ್ಟೇ ಉಳಿದಿದೆ. ಕೆಲವರಿಗೆ ಇದು ಅತಿಯಾದ ಗೋಳು ಎನಿಸಿದೆ. ಆದರೆ ಆ ಪೀಠಿಕೆಯ ಗದ್ದಲವನ್ನು ಕತ್ತರಿಸಿದ ಸಿಂಗಲ್ ಆವೃತ್ತಿ ಕೇಳಿದವರಿಗೆ, ಗೋಳು ನಂಬುವಂತಾಗುವುದು ಆ ಗದ್ದಲದಿಂದಲೇ ಎಂಬುದು ತಿಳಿಯುತ್ತದೆ.

ಪೇಂಟ್ ಎ ವಲ್ಗರ್ ಪಿಕ್ಚರ್ ರೆಕಾರ್ಡ್ ಕಂಪನಿಗಳ ಮೇಲಿನ ವ್ಯಂಗ್ಯ. ಸತ್ತ ತಾರೆಯ ಹಾಡುಗಳನ್ನೇ ಹೊಸ ಹೊಸ ಹೊದಿಕೆಯಲ್ಲಿ ಸುತ್ತಿ ಮತ್ತೆ ಮತ್ತೆ ಮಾರಲು ಹೊಂಚುವ ಅಧಿಕಾರಿಗಳ ಸಭೆಯನ್ನು ಅದು ಚಿತ್ರಿಸುತ್ತದೆ. ನಡುವೆ ಆ ತಾರೆಯನ್ನು ಮುಟ್ಟಲು ಹಾತೊರೆದ ಅಭಿಮಾನಿಯೊಬ್ಬನ ನೆನಪೂ ಬರುತ್ತದೆ. ಮಾರ್ ಇಲ್ಲಿ ಗಿಟಾರ್ ಸೋಲೋ ನುಡಿಸಿದ್ದಾನೆ, ಸ್ಮಿತ್ಸ್ ಹಾಡುಗಳಲ್ಲಿ ಅದು ಅಪರೂಪ. ಅನ್‌ಹ್ಯಾಪಿ ಬರ್ತ್‌ಡೇ ಒಂದು ಹಿತವಾದ ವಿಷದ ಗುಳಿಗೆ. ಡೆತ್ ಅಟ್ ಒನ್ಸ್ ಎಲ್ಬೋ ರಾಕಬಿಲಿ ಧಾಟಿಯ ಒಂದು ಲಘು ಯತ್ನ. ಆಲ್ಬಮಿನಲ್ಲಿ ತೆಗೆದುಹಾಕಬಹುದಾದ ಹಾಡು ಇದೊಂದೇ.

ಕೊನೆಯ ಹಾಡು ಐ ವೋಂಟ್ ಶೇರ್ ಯು. ಸ್ಟುಡಿಯೋದಲ್ಲಿ ಸಿಕ್ಕಿದ ಆಟೋಹಾರ್ಪ್ ಎಂಬ ಹಳೆಯ ತಂತಿವಾದ್ಯವನ್ನು ಮಾರ್ ಎತ್ತಿಕೊಂಡು ಮೀಟಿದ್ದರಿಂದ ಹುಟ್ಟಿದ ರಾಗವದು. ಡ್ರಮ್ಸ್ ಇಲ್ಲ. ನಿನ್ನನ್ನು ಬೇರೆಯವರೊಂದಿಗೆ ಹಂಚಿಕೊಳ್ಳಲಾರೆ ಎಂಬ ಅರ್ಥದ ಈ ಹಾಡನ್ನು ಮಾರಿಸ್ಸಿ ಮಾರ್‌ಗಾಗಿಯೇ ಬರೆದನೆಂದು ಅಭಿಮಾನಿಗಳು ಗಟ್ಟಿಯಾಗಿ ನಂಬಿದ್ದಾರೆ. ನಂಬಲು ಮನಸ್ಸಾಗುವುದು ಸಹಜ, ಅಷ್ಟು ಚೆನ್ನಾಗಿ ಹೊಂದುತ್ತದೆ. ಆದರೆ ಹಾಡು ಮುಗಿದದ್ದು ವಸಂತದಲ್ಲಿ, ತಂಡ ಮುರಿದದ್ದು ಬೇಸಗೆಯಲ್ಲಿ.

ಹೆಸರು ಮತ್ತು ಹೊದಿಕೆ

ಸ್ಟ್ರೇಂಜ್‌ವೇಸ್ ಮ್ಯಾಂಚೆಸ್ಟರಿನ ದೊಡ್ಡ ಸೆರೆಮನೆ. 1868ರಲ್ಲಿ ಆರಂಭವಾದ ಆ ವಿಕ್ಟೋರಿಯನ್ ಕಟ್ಟಡದ ಗೋಪುರ ಊರಿನ ದೂರದೂರಕ್ಕೂ ಕಾಣುತ್ತದೆ. 1990ರ ಏಪ್ರಿಲ್‌ನಲ್ಲಿ ಅಲ್ಲಿನ ಕೈದಿಗಳು 25 ದಿನ ಚಾವಣಿ ಏರಿ ಕೂತ ದಂಗೆಯಿಂದ ದೇಶದ ಸೆರೆಮನೆಗಳ ಸ್ಥಿತಿಯೇ ಚರ್ಚೆಗೆ ಬಂತು. ಆಲ್ಬಮಿನ ಹೆಸರು ಬಿಲ್ಲಿ ಲಯರ್ ಎಂಬ 1963ರ ಚಲನಚಿತ್ರದ ಒಂದು ಮಾತನ್ನು ಅನುಕರಿಸಿದ್ದೆನ್ನುತ್ತಾರೆ. ಅಲ್ಲಿ ಬಾಲಾಪರಾಧಿಗಳ ಶಾಲೆಗೆ ಹೊರಟಿದ್ದೇವೆಂಬ ಹಾಸ್ಯ, ಇಲ್ಲಿ ಅದೇ ವರಸೆಯಲ್ಲಿ ಸೆರೆಮನೆಗೆ.

ಸ್ಮಿತ್ಸ್ ಹೊದಿಕೆಗಳಲ್ಲಿ ಸಾಮಾನ್ಯವಾಗಿ ತಂಡದವರ ಮುಖ ಇರುತ್ತಿರಲಿಲ್ಲ. ಹಳೆಯ ಸಿನಿಮಾ, ನಾಟಕಗಳ ಮುಖಗಳನ್ನು ಮಾರಿಸ್ಸಿ ಹುಡುಕಿ ತಂದು ಒಂದೇ ಬಣ್ಣದ ಛಾಯೆಯಲ್ಲಿ ಅಚ್ಚು ಹಾಕಿಸುತ್ತಿದ್ದ. ಈ ಸಲ ಅವನು ಮೊದಲು ಬಯಸಿದ್ದು ನಟ ಹಾರ್ವಿ ಕೈಟೆಲ್‌ನ ಚಿತ್ರ. ಕೈಟೆಲ್ ಒಪ್ಪಲಿಲ್ಲ. ಆಗ ಈಸ್ಟ್ ಆಫ್ ಈಡನ್ ಚಿತ್ರದಲ್ಲಿ ಜೇಮ್ಸ್ ಡೀನ್‌ನ ಸಹೋದರನಾಗಿ ನಟಿಸಿದ ರಿಚರ್ಡ್ ದವಾಲೋಸ್ ಬಂದ. ಮೂಲ ಚಿತ್ರದಲ್ಲಿ ಅವನು ಡೀನ್ ಕಡೆಗೆ ನೋಡುತ್ತಿದ್ದಾನೆ. ಡೀನ್‌ನನ್ನು ಕತ್ತರಿಸಿ ತೆಗೆಯಲಾಗಿದೆ.

ಒಡಕು

ಆಲ್ಬಮ್ ಮುಗಿಯಿತು, ಮಾರ್ ವಿಶ್ರಾಂತಿ ಕೇಳಿದ. ಆದರೆ ಮುಂಬರುವ ಸಿಂಗಲ್‌ನ ಹಿಂಬದಿಗೆ ಹಾಡು ಬೇಕಿತ್ತು. ಮೇ ತಿಂಗಳಲ್ಲಿ ದಕ್ಷಿಣ ಲಂಡನ್ನಿನ ಸ್ಟ್ರೆಟಮ್‌ನ ಸಣ್ಣ ಸ್ಟುಡಿಯೋವೊಂದರಲ್ಲಿ ನಾಲ್ವರೂ ಸೇರಿದರು. ಅಲ್ಲಿ ಧ್ವನಿಮುದ್ರಿಸಿದವುಗಳಲ್ಲಿ ಒಂದು ಸಿಲ್ಲಾ ಬ್ಲ್ಯಾಕ್ 1960ರ ದಶಕದಲ್ಲಿ ಹಾಡಿದ ವರ್ಕ್ ಈಸ್ ಎ ಫೋರ್ ಲೆಟರ್ ವರ್ಡ್, ಮಾರಿಸ್ಸಿಯ ಆಯ್ಕೆ. ಸಿಲ್ಲಾ ಬ್ಲ್ಯಾಕ್ ಹಾಡುಗಳನ್ನು ನುಡಿಸಲು ತಾನು ತಂಡ ಕಟ್ಟಲಿಲ್ಲ ಎಂಬ ಮಾರ್‌ನ ಮಾತು ಬಹಳ ಪ್ರಸಿದ್ಧ. ಆದರೂ ಒಡಕಿನ ಹೊಣೆಯನ್ನೆಲ್ಲ ಆ ಪಾಪದ ಹಾಡಿನ ತಲೆಗೆ ಕಟ್ಟುವುದು ಸರಿಯಲ್ಲ. ಆ ಹೊತ್ತಿಗೆ ಹೊಸ ಮ್ಯಾನೇಜರ್ ಆಗಿ ಬಂದಿದ್ದ ಅಮೆರಿಕದ ಕೆನ್ ಫ್ರೀಡ್‌ಮನ್‌ನನ್ನು ಮಾರ್ ಬೇಕೆಂದ, ಮಾರಿಸ್ಸಿ ಬೇಡವೆಂದ. ಮ್ಯಾನೇಜರ್ ಹೋದರೆ ಹಳೆಯ ಹೊರೆ ಮತ್ತೆ ತನ್ನ ಹೆಗಲಿಗೇ ಬರುತ್ತದೆಂಬುದು ಮಾರ್‌ಗೆ ಗೊತ್ತಿತ್ತು. ಬೇರೆ ಕಲಾವಿದರ ಜೊತೆ ಅವನು ನುಡಿಸುವುದು ಮಾರಿಸ್ಸಿಗೆ ಹಿಡಿಸುತ್ತಿರಲಿಲ್ಲ ಎಂಬುದೂ ಇತ್ತು.

ಮಾರ್ ಅಮೆರಿಕಕ್ಕೆ ರಜೆಗೆ ಹೋದ. ಆಗಸ್ಟ್ ಮೊದಲ ವಾರದ ಹೊತ್ತಿಗೆ ಸಂಗೀತ ವಾರಪತ್ರಿಕೆ ಎನ್‌ಎಂಇಯಲ್ಲಿ ಸ್ಮಿತ್ಸ್ ಒಡೆಯಲಿದೆ ಎಂಬ ಸುದ್ದಿ ಬಂತು. ಸುದ್ದಿ ಒಳಗಿನವರಿಂದಲೇ ಹೋಗಿದೆ ಎಂದುಕೊಂಡ ಅವನು, ತಾನು ತಂಡ ಬಿಟ್ಟಿರುವುದಾಗಿ ಪತ್ರಿಕೆಗೆ ತಿಳಿಸಿಬಿಟ್ಟ. ಯಾರಾದರೊಬ್ಬರು ಒಂದು ಫೋನು ಮಾಡಿದ್ದರೆ ಇದು ತಪ್ಪುತ್ತಿತ್ತೇನೋ. ಆ ಫೋನು ಮಾಡಬೇಕಾದ ಕೆಲಸಕ್ಕೆ ಒಬ್ಬ ಮನುಷ್ಯನನ್ನು ಇಟ್ಟುಕೊಳ್ಳುವುದು ಐದು ವರ್ಷಗಳಲ್ಲಿ ಆಗಿರಲಿಲ್ಲ. ಮ್ಯಾಂಚೆಸ್ಟರಿನ ಈಸ್ಟರ್‌ಹೌಸ್ ತಂಡದಲ್ಲಿದ್ದ ಐವರ್ ಪೆರಿಯನ್ನು ಕರೆಸಿ ಉಳಿದ ಮೂವರು ಮುಂದುವರಿಯಲು ನೋಡಿದರು. ಒಂದು ಅಧಿವೇಶನದಲ್ಲೇ ಅದು ಆಗದ ಕೆಲಸವೆಂದು ಗೊತ್ತಾಯಿತು.

ಬಿಡುಗಡೆ

ಬ್ರಿಟಿಷ್ ಪಟ್ಟಿಯಲ್ಲಿ ಆಲ್ಬಮ್ ಎರಡನೆಯ ಸ್ಥಾನ ಪಡೆಯಿತು. ಅಮೆರಿಕದಲ್ಲಿ 55ನೆಯದು, ಅಲ್ಲಿ ಅದುವರೆಗಿನ ಅವರ ಅತ್ಯುತ್ತಮ ಸಾಧನೆ ಅದು. ಗರ್ಲ್‌ಫ್ರೆಂಡ್ ಇನ್ ಎ ಕೋಮಾ ಸಿಂಗಲ್ ಆಗಿ 13ನೆಯ ಸ್ಥಾನ ತಲುಪಿತು. ಮುಂದಿನ ಸಿಂಗಲ್ ಆಗಿ ಯೋಚಿಸಿದ್ದು ಸ್ಟಾಪ್ ಮಿ ಇಫ್ ಯು ಥಿಂಕ್ ಯು ಹ್ಯಾವ್ ಹರ್ಡ್ ದಿಸ್ ಒನ್ ಬಿಫೋರ್. ಅಷ್ಟರಲ್ಲಿ, ಆಗಸ್ಟ್ 19ರಂದು, ಹಂಗರ್‌ಫರ್ಡ್ ಎಂಬ ಪಟ್ಟಣದಲ್ಲಿ ಬಂದೂಕುಧಾರಿಯೊಬ್ಬ 16 ಜನರನ್ನು ಕೊಂದಿದ್ದ. ಹಾಡಿನಲ್ಲಿ ಸಾಮೂಹಿಕ ಕೊಲೆಯ ಪ್ರಸ್ತಾಪವಿದ್ದುದರಿಂದ ಬಿಬಿಸಿ ಅದನ್ನು ಹಾಕುವುದಿಲ್ಲವೆಂಬುದು ಖಚಿತವಾಗಿ ಬ್ರಿಟನ್ನಿನಲ್ಲಿ ಯೋಜನೆ ಕೈಬಿಟ್ಟರು. ಅದೇ ಹಾಡು ಇಪ್ಪತ್ತು ವರ್ಷಗಳ ಅನಂತರ, 2007ರಲ್ಲಿ, ಮಾರ್ಕ್ ರಾನ್ಸನ್ ಮಾಡಿದ ಸೋಲ್ ಧಾಟಿಯ ಆವೃತ್ತಿಯಲ್ಲಿ ಬ್ರಿಟನ್ನಿನ ಎರಡನೆಯ ಸ್ಥಾನ ಹತ್ತಿತು. ಸ್ಮಿತ್ಸ್ ತಂಡ ಬದುಕಿದ್ದಾಗ ಅದರ ಯಾವ ಸಿಂಗಲ್ಲೂ ಅಷ್ಟು ಮೇಲೆ ಹೋಗಿರಲಿಲ್ಲ.

ಅನಂತರ

ಆರು ತಿಂಗಳು ತುಂಬುವ ಮೊದಲೇ, 1988ರ ಮಾರ್ಚಿನಲ್ಲಿ, ಮಾರಿಸ್ಸಿಯ ಸ್ವಂತ ಆಲ್ಬಮ್ ವಿವಾ ಹೇಟ್ ಇಎಂಐ ಮೂಲಕವೇ ಹೊರಬಂದು ಬ್ರಿಟನ್ನಿನಲ್ಲಿ ಮೊದಲ ಸ್ಥಾನ ಗಳಿಸಿತು. ಅದರ ರಾಗಗಳನ್ನು ಕಟ್ಟಿದವನು ಸ್ಟೀಫನ್ ಸ್ಟ್ರೀಟ್. ಮಾರ್ ಒಂದು ತಂಡಕ್ಕೆ ಕಟ್ಟುಬೀಳದೆ ಟಾಕಿಂಗ್ ಹೆಡ್ಸ್, ದ ಪ್ರಿಟೆಂಡರ್ಸ್, ದ ದ ತಂಡಗಳೊಂದಿಗೆ ನುಡಿಸಿದ. ನ್ಯೂ ಆರ್ಡರ್‌ನ ಬರ್ನಾರ್ಡ್ ಸಮ್ನರ್ ಜೊತೆ ಎಲೆಕ್ಟ್ರಾನಿಕ್ ಎಂಬ ಕೂಟ ಕಟ್ಟಿದ. ರಫ್ ಟ್ರೇಡ್ 1991ರಲ್ಲಿ ದಿವಾಳಿಯಾಯಿತು. ಸ್ಮಿತ್ಸ್ ಹಾಡುಗಳ ಹಕ್ಕು ವಾರ್ನರ್ ಕಂಪನಿಗೆ ಹೋಯಿತು. 1992ರಲ್ಲಿ ಬಂದ ಆಯ್ದ ಹಾಡುಗಳ ಸಂಕಲನ ಮೊದಲ ಸ್ಥಾನಕ್ಕೇರಿತು. ಅಲ್ಲಿಂದ ಮುಂದೆ 1995, 2001, 2008, 2011ರಲ್ಲಿ ಅವೇ ಹಾಡುಗಳು ಬೇರೆ ಬೇರೆ ಕಟ್ಟಿನಲ್ಲಿ ಬರುತ್ತ ಹೋದವು. ಪೇಂಟ್ ಎ ವಲ್ಗರ್ ಪಿಕ್ಚರ್ ಬರೆದವನ ಹಾಡುಗಳಿಗೇ ಈ ಗತಿ ಬಂದದ್ದನ್ನು ಯಾವ ವಿಮರ್ಶಕನೂ ಹೇಳದೆ ಬಿಟ್ಟಿಲ್ಲ.

ಬರಹದಲ್ಲಿ ಏನನ್ನೂ ಇಡದ ಅಭ್ಯಾಸದ ಬಿಲ್ಲು ಬಂದದ್ದು ನ್ಯಾಯಾಲಯದಲ್ಲಿ. ಧ್ವನಿಮುದ್ರಣ ಮತ್ತು ಕಚೇರಿಗಳ ಆದಾಯದಲ್ಲಿ ಮಾರಿಸ್ಸಿ ಮತ್ತು ಮಾರ್ ತಲಾ ಶೇ. 40, ಉಳಿದಿಬ್ಬರು ತಲಾ ಶೇ. 10 ಪಡೆಯುತ್ತಿದ್ದರು. ಇದಕ್ಕೆ ಲಿಖಿತ ಒಪ್ಪಂದವಿರಲಿಲ್ಲ. ಹಣದ ತುರ್ತಿನಲ್ಲಿದ್ದ ರೂರ್ಕ್ 1989ರಲ್ಲಿ 83,000 ಪೌಂಡಿಗೆ ರಾಜಿ ಮಾಡಿಕೊಂಡ. ಜಾಯ್ಸ್ ಮೊಕದ್ದಮೆ ಹೂಡಿ ಪಟ್ಟು ಬಿಡಲಿಲ್ಲ. ನಾಲ್ವರೂ ಸಮಪಾಲುದಾರರು, ಬೇರೆ ಒಪ್ಪಂದ ಇಲ್ಲದಿದ್ದರೆ 1890ರ ಪಾಲುದಾರಿಕೆ ಕಾಯಿದೆಯಂತೆ ಪಾಲು ಸಮ ಎಂಬುದು ಅವನ ವಾದ. 1996ರ ಡಿಸೆಂಬರಿನಲ್ಲಿ ಲಂಡನ್ನಿನ ಉಚ್ಚ ನ್ಯಾಯಾಲಯ ಅವನ ಪರವಾಗಿ ತೀರ್ಪು ಕೊಟ್ಟಿತು; ಶೇ. 25ರ ಹಕ್ಕಿನ ಜೊತೆ ಸುಮಾರು ಹತ್ತು ಲಕ್ಷ ಪೌಂಡ್ ಬಾಕಿ ಅವನದಾಯಿತು. ಮಾರಿಸ್ಸಿಯ ಮೇಲ್ಮನವಿ 1998ರಲ್ಲಿ ಬಿದ್ದುಹೋಯಿತು. ತಂಡ ಮತ್ತೆ ಒಂದಾಗಲಿಲ್ಲ. 2023ರ ಮೇ 19ರಂದು ರೂರ್ಕ್ ಮೇದೋಜೀರಕ ಗ್ರಂಥಿಯ ಕ್ಯಾನ್ಸರಿನಿಂದ 59ನೆಯ ವಯಸ್ಸಿನಲ್ಲಿ ತೀರಿಕೊಂಡ.

ವಿಮರ್ಶಕರ ಪಟ್ಟಿಗಳಲ್ಲಿ ತಂಡದ ಶ್ರೇಷ್ಠ ಕೃತಿ ಎಂಬ ಪಟ್ಟ ಸಾಮಾನ್ಯವಾಗಿ ದ ಕ್ವೀನ್ ಈಸ್ ಡೆಡ್‌ಗೆ ಸಲ್ಲುತ್ತದೆ. ಮಾರಿಸ್ಸಿ ಮತ್ತು ಮಾರ್ ಉಳಿದೆಲ್ಲದರಲ್ಲಿ ಭಿನ್ನರಾದರೂ, ತಮ್ಮ ಅತ್ಯುತ್ತಮ ಆಲ್ಬಮ್ ಸ್ಟ್ರೇಂಜ್‌ವೇಸ್ ಎಂಬ ಒಂದು ಮಾತಿನಲ್ಲಿ ಇಬ್ಬರೂ ಒಂದೇ. ವಿಮರ್ಶಕರ ಪಕ್ಷಕ್ಕೂ ಬಲವಿದೆ: ಹಿಂದಿನ ಆಲ್ಬಮಿನ ಹರಹು, ಅದರ ಸಿಟ್ಟು, ಊರಿನ ಮತ್ತು ಅರಮನೆಯ ಲೇವಡಿ ಇಲ್ಲಿಲ್ಲ. ನುಡಿಸಾಣಿಕೆಯ ಲೆಕ್ಕದಲ್ಲಿ ನೋಡಿದರೆ ಮಾತ್ರ ಅವರಿಬ್ಬರ ತೀರ್ಪೇ ಸರಿ. ರೂರ್ಕ್‌ನ ಬೇಸ್ ಇಷ್ಟು ಸ್ಪಷ್ಟವಾಗಿ ಮತ್ತೆಲ್ಲೂ ಕೇಳಿಸುವುದಿಲ್ಲ, ಜಾಯ್ಸ್‌ನ ಡ್ರಮ್ಸ್ ಇಷ್ಟು ಮಿತವಾಗಿ ಮತ್ತೆಲ್ಲೂ ಇಲ್ಲ.